ಒಂದು ಲಕ್ಷನೆಯ ಹೃದಯ

ಹುಬ್ಬಳ್ಳಿಯ ಅಖಂಡ ಹೃದಯ ಸಂಸ್ಥೆಯ ಹೆಬ್ಬಾಗಿಲ ಮೇಲೆ ‘ತೂತಿಲ್ಲದ ಎದೆ, ಚಿಂತೆಯಿಲ್ಲದ ಬದುಕು’ ಎಂದು ಬರೆಸಿದ ದಿನವೇ ಇಂದುಮತಿ ಪತ್ತಾರ ಅದನ್ನೋದಿ ಮೂಗು ಮುರಿದಿದ್ದಳು. ಇಪ್ಪತ್ತೇಳು ವರ್ಷ, ಹೃದಯಕ್ಕೆ ಕೊಳವೆ ತೂರಿಸುವ ಕ್ಯಾಥ್ ಲ್ಯಾಬಿನಲ್ಲಿ ಟೆಕ್ನಿಷಿಯನ್ ಆಗಿ ದುಡಿದವಳು ಅವಳು. ಸೀಸದ ಗಾಜಿನ ಹಿಂದೆ ಕೂತು, ಪರದೆಯ ಮೇಲೆ ಏರಿಳಿಯುವ ಒತ್ತಡದ ಗೆರೆಗಳನ್ನು ಓದುವುದು ಅವಳ ಕೆಲಸ. ಎದೆಯಲ್ಲಿ ತೂತಿಲ್ಲದೆ ತಲೆಯಲ್ಲೇ ತೂತಿದ್ದವರನ್ನು ಅವಳು ಸಾಕಷ್ಟು ಕಂಡಿದ್ದಳು. ಅವರಲ್ಲಿ ಅರ್ಧ ಜನ ಅದೇ ಸಂಸ್ಥೆಯಲ್ಲಿ ಸಂಬಳ ಪಡೆಯುತ್ತಿದ್ದರು.

ತೂತಿನ ಕಥೆ ಇಷ್ಟು. ತಾಯಿಯ ಹೊಟ್ಟೆಯಲ್ಲಿರುವಾಗ ಎಲ್ಲರ ಹೃದಯದಲ್ಲೂ ಮೇಲಿನ ಎರಡು ಕೋಣೆಗಳ ನಡುವಿನ ಗೋಡೆಯಲ್ಲಿ ಒಂದು ಕಿಂಡಿ ಇರುತ್ತದೆ. ಹುಟ್ಟಿದ ಮೇಲೆ ಮುಚ್ಚಿಕೊಳ್ಳುತ್ತದೆ. ನಾಲ್ವರಲ್ಲಿ ಒಬ್ಬರಿಗೆ ಸಣ್ಣ ಸೀಳು ಉಳಿದರೂ ಅವರು ಅದನ್ನಿಟ್ಟುಕೊಂಡೇ ದುಡಿದು, ಜಗಳಾಡಿ, ಮೊಮ್ಮಕ್ಕಳನ್ನು ಎತ್ತಿ ಆಡಿಸಿ ಸಾಯುತ್ತಾರೆ. ಕೆಲವರಿಗೆ ಮಾತ್ರ ಗೋಡೆಯೇ ಸರಿಯಾಗಿ ಬೆಳೆಯದೆ ದೊಡ್ಡ ತೂತು ಇರುತ್ತದೆ. ಅಂಥವರಲ್ಲಿ ಬಹಳ ಜನರಿಗೆ ಅದನ್ನು ಮುಚ್ಚುವುದು ಒಳ್ಳೆಯದು. ತೊಡೆಯ ರಕ್ತನಾಳದಿಂದ ಕ್ಯಾಥೆಟರ್ ಎಂಬ ತೆಳು ಕೊಳವೆಯನ್ನು ಹೃದಯದವರೆಗೆ ತೂರಿಸಿ, ಅದರ ತುದಿಯಿಂದ ಜೋಡಿ ಕೊಡೆಯಂಥ ತಂತಿಬಲೆಯನ್ನು ಬಿಚ್ಚುತ್ತಾರೆ. ಒಂದು ಕೊಡೆ ಗೋಡೆಯ ಎಡಕ್ಕೆ, ಇನ್ನೊಂದು ಬಲಕ್ಕೆ. ಎದೆ ಸೀಳುವ ಗೋಜಿಲ್ಲ. ಒಳ್ಳೆಯ ವಿದ್ಯೆ. ಇಂದುಮತಿಗೆ ಆ ವಿದ್ಯೆಯ ಮೇಲೆ ಎಂದೂ ಸಿಟ್ಟಿರಲಿಲ್ಲ.

ಸಿಟ್ಟು ಇದ್ದದ್ದು ‘ಸ್ವಯಂ’ ಮೇಲೆ. ಆರು ವರ್ಷದ ಹಿಂದೆ ಬಂದ ಈ ಹೊಸ ಕೊಡೆ ತನ್ನ ಅಳತೆಯನ್ನು ತಾನೇ ನೋಡಿಕೊಳ್ಳುತ್ತಿತ್ತು, ಮುಚ್ಚಬೇಕೋ ಬೇಡವೋ ಎಂದು ತಾನೇ ತೀರ್ಮಾನಿಸುತ್ತಿತ್ತು. ಹಿಂದೆಲ್ಲ ವಯಸ್ಸಾದವರ ತೂತು ಮುಚ್ಚುವ ಮೊದಲು ಬಲೂನಿನಿಂದ ಅದನ್ನು ತಾತ್ಕಾಲಿಕವಾಗಿ ಅಡ್ಡಗಟ್ಟಿ ಹದಿನೈದು ನಿಮಿಷ ಕಾಯುತ್ತಿದ್ದರು. ಯಾಕೆಂದರೆ ವರ್ಷಗಟ್ಟಲೆ ಬಿ.ಪಿ. ಇದ್ದವರ ಹೃದಯದ ಎಡಭಾಗ ಬಿರುಸಾಗಿರುತ್ತದೆ. ಅಲ್ಲಿ ಹಿಡಿಸದ ರಕ್ತ ತೂತಿನಿಂದ ಬಲಕ್ಕೆ ದಾಟಿ ಜೀವ ಉಳಿಸಿರುತ್ತದೆ. ಆ ದಾರಿಯನ್ನು ಮುಚ್ಚಿದರೆ ಒತ್ತಡವೆಲ್ಲ ಹಿಂದಕ್ಕೆ ತಿರುಗಿ ಪುಪ್ಪುಸದಲ್ಲಿ ನೀರು ತುಂಬುತ್ತದೆ. ಬಲೂನು ಹಿಡಿದು ಕಾದರೆ ಗುಟ್ಟು ಬಯಲಾಗುತ್ತದೆ. ಸ್ವಯಂ ಈ ಹದಿನೈದು ನಿಮಿಷವನ್ನು ತೊಂಬತ್ತು ಸೆಕೆಂಡಿಗೆ ಇಳಿಸಿತು. ಹಸಿರು ದೀಪ ಬಂದರೆ ಮುಚ್ಚು, ಕೆಂಪು ಬಂದರೆ ಬಿಡು.

“ಕಾಯೋದು ಹಳೇ ಡಾಕ್ಟರುಗಳ ಚಟ,” ಎಂದು ಸಂಸ್ಥೆಯ ನಿರ್ದೇಶಕ ಡಾ. ಸಂಪತ್ ಬೀಳಗಿ ಪ್ರತಿ ಭಾಷಣದಲ್ಲೂ ಹೇಳುತ್ತಿದ್ದ. ಜನ ನಗುತ್ತಿದ್ದರು. ಎತ್ತು ಈಯಿತು ಅಂದರೆ ಕೊಟ್ಟಿಗೆಯಲ್ಲಿ ಕಟ್ಟು ಅನ್ನುವ ಜನ.

ಸರಕಾರ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ‘ಪೂರ್ಣಹೃದಯ ಪತ್ರ’ ಎಂಬುದನ್ನು ಹೊರಡಿಸಿತು. ಎದೆಯಲ್ಲಿ ತೂತಿಲ್ಲ, ಇದ್ದದ್ದನ್ನು ಮುಚ್ಚಲಾಗಿದೆ ಎಂಬ ಪತ್ರ. ಮೊದಲು ಪೊಲೀಸ್ ಭರ್ತಿಗೆ ಕೇಳಿದರು, ಆಮೇಲೆ ಕಾಲೇಜಿಗೆ, ಆಮೇಲೆ ಹೆಣ್ಣು ನೋಡುವುದಕ್ಕೆ. ಲಗ್ನಪತ್ರಿಕೆಗಳ ಕೆಳಗೆ ‘ಉಭಯ ಮನೆತನದವರೂ ಪೂರ್ಣಹೃದಯಿಗಳು’ ಎಂದು ಬಂಗಾರದ ಅಕ್ಷರದಲ್ಲಿ ಅಚ್ಚಾಗತೊಡಗಿತು. ಸಾಸಿವೆಯಷ್ಟು ಸೀಳು ಇದ್ದವರೂ ಸರದಿಯಲ್ಲಿ ನಿಂತರು. ಇಂದುಮತಿ ದಿನಕ್ಕೆ ಇಪ್ಪತ್ತೆರಡು ಎದೆಗಳ ಗೆರೆ ಓದುತ್ತಿದ್ದಳು. ಸಂಜೆ ಮನೆಗೆ ಹೊರಡುವ ಮುನ್ನ ಮರುದಿನದ ಇಪ್ಪತ್ತೆರಡು ಮನೆಗಳಿಗೆ ತಾನೇ ಫೋನ್ ಮಾಡಿ, ಹೊಟ್ಟೆ ಖಾಲಿ ಇಟ್ಟುಕೊಂಡು ಬನ್ನಿ ಎಂದು ಹೇಳುವುದು ಅವಳ ಹಳೆಯ ರೂಢಿ. ಈ ಒಂದು ಕೆಲಸವನ್ನಾದರೂ ಮನುಷ್ಯರ ದನಿ ಮಾಡಲಿ ಎಂಬುದು ಅವಳ ಹಟವಾಗಿತ್ತು.

ಕಳೆದ ಶ್ರಾವಣದಲ್ಲಿ ಕುಂದಗೋಳದ ಚನ್ನಬಸಪ್ಪ ಮಾಸ್ತರು ಹೀಗೆಯೇ ಬಂದಿದ್ದರು. ಎಪ್ಪತ್ತು ವರ್ಷ, ಹಳೆಯ ಬಿ.ಪಿ. ಸ್ವಯಂ ಹಸಿರು ಅಂದಿತು, ಮುಚ್ಚಿದರು. ಅವತ್ತು ಗೆರೆಗಳು ಬಿ.ಪಿ. ರೋಗಿಯ ಗೆರೆಗಳಂತಿರದೆ ತೀರ ಕೆಳಗೆ, ಬತ್ತಿದ ಹಳ್ಳದಂತೆ ಹರಿದಿದ್ದನ್ನು ಇಂದುಮತಿ ನೋಡಿದ್ದಳು. ನೋಡಿ ಸುಮ್ಮನಿದ್ದಳು. ಮೂರನೆಯ ದಿನ ಮಾಸ್ತರು ಉಸಿರಾಡಲಾರದೆ ತೀರಿಕೊಂಡರು. ಸಂಸ್ಥೆ ‘ನ್ಯುಮೋನಿಯಾ’ ಎಂದು ಬರೆಯಿತು. ವಯಸ್ಸಾಗಿತ್ತು ಎಂದು ಎಲ್ಲರೂ ಅಂದರು, ಅವಳೂ ಅಂದಳು.

ಈ ವರ್ಷ ಅವಳ ಮಗಳು ಪಲ್ಲವಿಗೆ ಗದಗಿನಿಂದ ಸಂಬಂಧ ಬಂತು. ಬೀಗರಾಗಬೇಕಾದವರು ಚಹಾ ಕುಡಿದು, ಚೂಡಾ ತಿಂದು, ಕೈ ಒರೆಸಿಕೊಂಡ ಮೇಲೆ ಮಾತು ತೆಗೆದರು.

“ಹುಡುಗಿ ಪತ್ರ ನೋಡಿದ್ವಿ. ನಿಮ್ಮದೂ ಸರಿ ಅದ. ಅಜ್ಜಿದು ಕಾಣಲಿಲ್ಲ,” ಎಂದ ಹುಡುಗನ ತಂದೆ.

“ಅಜ್ಜಿನ್ನೂ ಮದವಿ ಮಾಡ್ಕೊಂಡು ಹೋಗಾವ್ರೇನ್ರಿ?” ಎಂದಳು ಇಂದುಮತಿ.

“ಹಂಗಲ್ರೀ. ಮೂರು ತಲಿ ನೋಡೋದು ಈಗಿನ ಪದ್ಧತಿ.”

ಅಜ್ಜಿ ಎಂದರೆ ಇಂದುಮತಿಯ ಅತ್ತೆ ರುಕುಮವ್ವ. ಎಪ್ಪತ್ತೊಂದು ವರ್ಷ, ನಲವತ್ತು ವರ್ಷದ ಬಿ.ಪಿ., ಪಂಢರಪುರದ ವಿಠ್ಠಲನ ಭಕ್ತೆ, ಮತ್ತು ಮೂವತ್ತು ವರ್ಷಗಳಿಂದ ಸೊಸೆಯ ಸಾರಿನಲ್ಲಿ ಉಪ್ಪು ಕಡಿಮೆ ಎಂದು ಹೇಳುತ್ತ ಬಂದವಳು. ಮರುದಿನವೇ ಸ್ಕ್ಯಾನ್ ಮಾಡಿಸಿದರೆ ಹದಿನಾಲ್ಕು ಮಿಲಿಮೀಟರಿನ ತೂತು ಕಂಡಿತು. ಸುದ್ದಿ ನಿರ್ದೇಶಕನ ಕಿವಿಗೆ ಬೀಳಲು ಒಂದು ತಾಸೂ ಹಿಡಿಯಲಿಲ್ಲ.

“ಪತ್ತಾರ ಮೇಡಂ, ಇದು ದೇವರ ಕೊಟ್ಟ ಅವಕಾಶ,” ಎಂದ ಬೀಳಗಿ. “ಮುಂದಿನ ತಿಂಗಳು ನಮ್ಮ ಒಂದು ಲಕ್ಷನೇ ಹೃದಯ. ಮಂತ್ರಿಗಳು ಬರ್ತಾರ, ಸಭಾಂಗಣದಾಗ ದೊಡ್ಡ ಪರದಿ ಹಾಕ್ತೀವಿ. ನಮ್ಮ ಸಂಸ್ಥೆಯ ಮನಿಯವರದ ಆದ್ರ ಎಷ್ಟು ಛಂದ ಅಲ್ಲ?”

“ಹಳೇ ಬಿ.ಪಿ. ಅದ ಸರ್. ಬಲೂನು ಹಾಕಿ ಹದಿನೈದು ನಿಮಿಷ ನೋಡ್ಬೇಕು.”

“ಸ್ವಯಂ ಇರೋದು ಮತ್ತ್ಯಾಕ? ಕೆಂಪು ಬಂದ್ರ ನಾನ ನಿಲ್ಲಸ್ತೀನಿ. ಮಂತ್ರಿ ಇರ್ಲಿ, ಅವರ ಅಪ್ಪ ಇರ್ಲಿ.”

ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡುವ ಗಿರಾಕಿ ಎಂದು ಇಂದುಮತಿ ಮನಸ್ಸಿನಲ್ಲೇ ಉಗಿದಳು. ಆದರೂ ಆ ಮಾತಿಗೆ ಒಪ್ಪಿದಳು. ಅತ್ತೆಯ ಹೃದಯ ಎಷ್ಟು ಬಿರುಸಾಗಿದೆಯೆಂದು ಅವಳಿಗೆ ಗೊತ್ತಿತ್ತು. ಅಂಥ ಹೃದಯದಲ್ಲಿ ತೂತಿಗೆ ಅಡ್ಡ ಇಟ್ಟ ಅರ್ಧ ನಿಮಿಷಕ್ಕೇ ಒತ್ತಡ ಏರುತ್ತದೆ, ಕೆಂಪು ಬಂದೇ ಬರುತ್ತದೆ. ಮಂತ್ರಿಯ ಎದುರಿಗೇ ಬರಲಿ, ಬೀಳಗಿಯ ಮುಖ ನೋಡುವ ಭಾಗ್ಯ ತನಗೂ ಸಿಗಲಿ ಎಂಬ ಆಸೆಯೂ ಒಳಗೊಳಗೆ ಇತ್ತು.

ಮನೆಯಲ್ಲಿ ರುಕುಮವ್ವನಿಗೆ ಕೊಡೆಯ ಚಿತ್ರ ತೋರಿಸಿದರೆ ಅವಳು ಕನ್ನಡಕ ಏರಿಸಿ ನೋಡಿ, “ಅಲ್ಪಗ ಐಶ್ವರ್ಯ ಬಂದ್ರ ಮಧ್ಯರಾತ್ರ್ಯಾಗ ಕೊಡಿ ಹಿಡಿದ್ನಂತ. ನಿಮ್ಮ ಡಾಕ್ಟರ್ ಕಂಡವ್ರ ಎದಿಯೊಳಗ ಹಿಡೀತಾನ,” ಎಂದಳು.

“ಹಂಗಾರ ಬ್ಯಾಡ ಅನ್ರಿ ಅತ್ತಿ.”

“ನಾ ಯಾಕ ಬ್ಯಾಡ ಅನ್ಲಿ? ನನ್ನ ಸಲುವಾಗಿ ಹುಡುಗಿ ಮದವಿ ನಿಂತ್ರ ಓಣ್ಯಾಗಿನ ಮಂದಿ ನನ್ನ ಬೈತಾರೋ ನಿನ್ನ ಬೈತಾರೋ?”

ಅಲ್ಲಿಗೆ ಮಾತು ಮುಗಿಯಿತು. ಇಂದುಮತಿಯ ಗಂಡ ಮೌನೇಶ ಬೆಳ್ಳಿ ಕೆಲಸದವನು, ಹೆಸರಿಗೆ ತಕ್ಕವನು. ತಾಯಿ ಮತ್ತು ಹೆಂಡತಿಯ ನಡುವೆ ಬಾಯಿ ಹಾಕುವ ತಪ್ಪನ್ನು ಅವನು ಎಂದೂ ಮಾಡಿರಲಿಲ್ಲ.

ಸಮಾರಂಭದ ದಿನ ಬಂತು. ಸಭಾಂಗಣದಲ್ಲಿ ಮಂತ್ರಿ, ಅವನ ಹಿಂಬಾಲಕರು, ನಾದಸ್ವರದವರು, ಶಾಲು ಹಾರಗಳ ಗುಡ್ಡೆ. ಗದಗಿನ ಬೀಗರೂ ಮುಂದಿನ ಸಾಲಿನಲ್ಲಿ ಕೂತಿದ್ದರು. ಕ್ಯಾಥ್ ಲ್ಯಾಬಿನ ಪರದೆಯ ಮೇಲಿನ ಗೆರೆಗಳೇ ಅಲ್ಲಿ ಗೋಡೆಯಷ್ಟು ದೊಡ್ಡದಾಗಿ ಕಾಣುತ್ತಿದ್ದವು. ನಿರೂಪಕಿ ಒಬ್ಬಳು ಪ್ರತಿ ಗೆರೆಯನ್ನೂ ಭಾಗ್ಯರೇಖೆ ಎಂಬಂತೆ ಬಣ್ಣಿಸುತ್ತಿದ್ದಳು.

ಲ್ಯಾಬಿನೊಳಗೆ ರುಕುಮವ್ವ ಮೇಜಿನ ಮೇಲೆ ಮಲಗಿದ್ದಳು. ಪೂರ್ತಿ ಮತ್ತು ಬರಿಸಿರಲಿಲ್ಲ, ತೊಡೆಯ ಹತ್ತಿರವಷ್ಟೇ ಮರಗಟ್ಟಿಸಿದ್ದರು. ಬೀಳಗಿ ಕೊಳವೆ ಏರಿಸಿದ, ಕೊಡೆಗಳು ಗೋಡೆಯ ಎರಡೂ ಬದಿಗೆ ಅರಳಿದವು, ತೂತು ಮುಚ್ಚಿತು. ಕೊಡೆ ಇನ್ನೂ ತಂತಿಗೆ ಅಂಟಿಕೊಂಡೇ ಇತ್ತು. ತಂತಿ ಕಳಚುವವರೆಗೆ ಹಿಂದಕ್ಕೆ ಎಳೆದುಕೊಳ್ಳಬಹುದು, ಕಳಚಿದ ಮೇಲೆ ಆಗದು. ಸ್ವಯಂ ತನ್ನ ತೊಂಬತ್ತು ಸೆಕೆಂಡು ಎಣಿಸಿತು. ಗಾಜಿನ ಹಿಂದೆ ಇಂದುಮತಿ ಕೆಂಪಿಗಾಗಿ ಕಾದಳು.

ಹಸಿರು ಬಂತು.

ಸಭಾಂಗಣದಿಂದ ಚಪ್ಪಾಳೆ ಕೇಳಿಸಿತು. ಇಂದುಮತಿ ಗೆರೆಗಳನ್ನು ನೋಡಿದಳು. ಎಡಕೋಣೆಯ ಒತ್ತಡ ಹನ್ನೆರಡು, ಬಲಕೋಣೆಯದು ಬರೀ ಒಂದು. ನಲವತ್ತು ವರ್ಷ ಬಿ.ಪಿ. ಇದ್ದ ಹೃದಯ ಹೀಗೆ ಇರಲು ಸಾಧ್ಯವೇ ಇಲ್ಲ. ಈ ಬತ್ತಿದ ಹಳ್ಳವನ್ನು ಅವಳು ಹಿಂದೊಮ್ಮೆ ನೋಡಿದ್ದಳು. ಗಾಜಿನಾಚೆ ಅತ್ತೆಯ ತುಟಿಗಳು ಒಣಗಿ ಬಿರುಕು ಬಿಟ್ಟಿದ್ದವು. ನಾಲಿಗೆಯಿಂದ ಅವನ್ನು ಸವರಿಕೊಂಡರೂ ಒದ್ದೆಯಾಗುತ್ತಿರಲಿಲ್ಲ. ಒಪ್ಪತ್ತಿನ ಹಸಿವಿಗೆ ಇಷ್ಟು ಒಣಗುವುದುಂಟೇ? ಇಂದುಮತಿ ಗೋಡೆಯ ಕ್ಯಾಲೆಂಡರಿನತ್ತ ತಿರುಗಿದಳು. ಇವತ್ತು ದ್ವಾದಶಿ. ನಿನ್ನೆ ಜ್ಯೇಷ್ಠದ ಏಕಾದಶಿ, ಒಂದು ಹನಿ ನೀರೂ ಮುಟ್ಟದ ನಿರ್ಜಲ ಏಕಾದಶಿ.

ಅವಳಿಗೆ ಎಲ್ಲ ಬಿಡಿಸಿಕೊಂಡಿತು. ಬಯ್ಯುತ್ತಾಳೆಂದು ಸೊಸೆಗೆ ತಿಳಿಸದೆ ಮುದುಕಿ ವ್ರತ ಹಿಡಿದಿದ್ದಾಳೆ. ದ್ವಾದಶಿಯ ಬೆಳಿಗ್ಗೆ ಪಾರಣೆ ಮಾಡಿ ನೀರು ಕುಡಿಯಬೇಕು. ಅಷ್ಟರಲ್ಲಿ ಆಸ್ಪತ್ರೆಯ ಹೊಟ್ಟೆ ಖಾಲಿಯ ನಿಯಮ ಬಂದಿದೆ. ದೇವರದೊಂದು ದಿನ, ಡಾಕ್ಟರದೊಂದು ಹೊತ್ತು, ಎರಡೂ ಸೇರಿ ಮೂವತ್ತು ತಾಸಿನ ಮೇಲಾಗಿದೆ. ಮೈಯಲ್ಲಿ ನೀರೇ ಇಲ್ಲದಿದ್ದರೆ ಒತ್ತಡ ಏರುವುದು ಎಲ್ಲಿಂದ? ಇವತ್ತು ಏರಲಿಲ್ಲವೆಂದು ಮುಚ್ಚುತ್ತಾರೆ. ನಾಳೆ ಮುದುಕಿ ಊಟ ಮಾಡಿ ಎರಡು ತಂಬಿಗೆ ನೀರು ಕುಡಿಯುತ್ತಾಳೆ, ನಾಡಿದ್ದು ಪುಪ್ಪುಸ ತುಂಬಿ ಮುಳುಗುತ್ತಾಳೆ. ಪರದೇಶದಲ್ಲಿ ಕೂತು ಸ್ವಯಂಗೆ ಪಾಠ ಹೇಳಿಕೊಟ್ಟ ಮಹಾ ಬುದ್ಧಿವಂತರಿಗೆ ಏಕಾದಶಿ ಎಂದರೆ ಏನು ಗೊತ್ತು?

ಬೀಳಗಿಯ ಕೈ ಕಳಚುವ ತಿರುಪಿನ ಮೇಲಿತ್ತು. ಇಂದುಮತಿಯ ಮುಂದೆ ತಡೆಗುಂಡಿ ಇತ್ತು. ಒತ್ತಿದರೆ ಕಾರಣ ಆರಿಸು ಎಂದು ಪಟ್ಟಿ ಬರುತ್ತದೆ: ವಿದ್ಯುತ್ ವ್ಯತ್ಯಯ, ಅಳತೆ ತಂತಿಯ ದೋಷ, ರೋಗಿಯ ನಿರಾಕರಣೆ, ನಿರ್ದೇಶಕರ ಆದೇಶ. ರೋಗಿಗೆ ಬಾಯಾರಿಕೆ ಎಂಬ ಕಾರಣ ಅದರಲ್ಲಿ ಇರಲಿಲ್ಲ. ಅವಳು ಒತ್ತಿ, ಅಳತೆ ತಂತಿಯ ದೋಷ ಎಂದು ಸುಳ್ಳು ಹೇಳಿದಳು.

“ಏನಾತು?” ಬೀಳಗಿ ಮೈಕಿನಲ್ಲಿ ಕೇಳಿದ.

“ಲೈನ್ ತೊಳೀಬೇಕು ಸರ್. ಹದಿನೈದು ನಿಮಿಷ.”

“ಮಂತ್ರಿಗಳು ಕುಂತಾರ.”

“ಕುಂದ್ರಲಿ ಸರ್. ನಿಂತಿಲ್ಲಲ್ಲ.”

ಸೀಸದ ಅಂಗಿ ತೊಟ್ಟು ಅವಳು ಒಳಗೆ ಹೋದಳು. ಅತ್ತೆಯ ಕೈಗೆ ಹಾಕಿದ್ದ ಸಲೈನನ್ನು ಪೂರ್ತಿ ಬಿಟ್ಟಳು.

“ಅತ್ತೀ, ನೀರು ಕುಡಿದು ಎಷ್ಟು ಹೊತ್ತಾತು?”

ರುಕುಮವ್ವ ಮುಖ ಆ ಕಡೆ ತಿರುಗಿಸಿದಳು. “ಮೊನ್ನಿ ರಾತ್ರಿ. ಇಲ್ಲೆಲ್ಲಾ ಒದರಬ್ಯಾಡ. ಸುಳ್ಳಂತೂ ಹೇಳಿಲ್ಲ. ನಿನ್ನಿ ರಾತ್ರಿ ಹನ್ನೆರಡರ ಮ್ಯಾಲ ಏನರ ತಗೊಂಡ್ರೇನು ಅಂತ ಕೇಳಿದ್ರು, ಇಲ್ಲಂದೆ.”

ಅರ್ಧ ಲೀಟರ್ ಒಳಗೆ ಹೋಗುವಷ್ಟರಲ್ಲಿ ಗೆರೆ ಏಳತೊಡಗಿತು. ಹದಿನೈದು, ಹತ್ತೊಂಬತ್ತು, ಇಪ್ಪತ್ತಮೂರು. ಸಭಾಂಗಣದಲ್ಲಿ ನಿರೂಪಕಿ “ಹೃದಯ ಹೊಸ ಎತ್ತರಕ್ಕೆ ಏರುತ್ತಿದೆ” ಎಂದಳು. ಮಂತ್ರಿ ಚಪ್ಪಾಳೆ ತಟ್ಟಿದ, ಅವನನ್ನು ನೋಡಿ ಉಳಿದವರೂ ತಟ್ಟಿದರು. ಇಪ್ಪತ್ತೇಳು. ರುಕುಮವ್ವ ಕೆಮ್ಮಿದಳು. ಮತ್ತೆ ಕೆಮ್ಮಿದಳು. ಉಸಿರು ಮೇಲೆ ಮೇಲೆ ಬರತೊಡಗಿತು. ಒಬ್ಬ ಹೆಂಗಸು ಮುಳುಗುವುದನ್ನು ಒಂದು ಊರು ಹಾರ ಹಿಡಿದು ನೋಡುತ್ತಿತ್ತು. ಹಸಿರು ದೀಪ ಮಾತ್ರ ಹಾಗೆಯೇ ಉರಿಯುತ್ತಿತ್ತು. ಸ್ವಯಂ ಒಮ್ಮೆ ಕೊಟ್ಟ ತೀರ್ಪನ್ನು ಮರಳಿ ನೋಡುವ ಪೈಕಿ ಅಲ್ಲ. ಈ ವಿಷಯದಲ್ಲಿ ಅದು ನಿರ್ದೇಶಕನದೇ ತದ್ರೂಪು.

“ಇಪ್ಪತ್ತೇಳು ಅದ ಸರ್. ತಂತಿ ಕಳಚಬ್ಯಾಡ್ರಿ. ಮೈಯಾಗ ನೀರಿರಲಿಲ್ಲ, ಅದಕ್ಕ ಹಸಿರು ಬಂದದ.”

ಬೀಳಗಿ ಗೆರೆ ನೋಡಿದ. ಅವನಿಗೆ ಅರ್ಥವಾಯಿತು, ಅವನು ದಡ್ಡನಲ್ಲ, ಅದೇ ಅವನ ಮೇಲಿನ ದೊಡ್ಡ ದೂರು. ಸಭಾಂಗಣದ ಕಡೆಯ ಕ್ಯಾಮರಾ ನೋಡಿದ. “ದೀಪ ಹಸಿರು ಅದ,” ಎಂದ ಸಣ್ಣ ದನಿಯಲ್ಲಿ. “ಆಮ್ಯಾಲ ನೀರಿಳಿಸೋ ಔಷಧ ಕೊಡೋಣ.” ಅವನ ಬೆರಳು ತಿರುಪಿಗೆ ಮರಳಿತು.

ಉಳಿದದ್ದು ಪಟ್ಟಿಯಲ್ಲಿನ ಮೂರನೆಯ ಕಾರಣ ಒಂದೇ. ಅದನ್ನು ರೋಗಿ ತನ್ನ ಬಾಯಿಂದಲೇ ಹೇಳಬೇಕು, ಯಂತ್ರ ಕೇಳಿಸಿಕೊಳ್ಳಬೇಕು. ಇಂದುಮತಿ ಅತ್ತೆಯ ಕಿವಿಯ ಹತ್ತಿರ ಬಗ್ಗಿದಳು.

“ಅತ್ತೀ, ಬ್ಯಾಡ ಅನ್ರಿ.”

“ಪಲ್ಲವಿ ಮದವಿ?” ಒಂದೊಂದು ಮಾತಿಗೂ ಮುದುಕಿ ಉಸಿರು ಹುಡುಕುತ್ತಿದ್ದಳು.

“ಪಲ್ಲವಿಗೆ ಇನ್ನೊಂದು ಗಂಡು ಸಿಗ್ತದ. ನನಗ ಸಾರಿಗೆ ಉಪ್ಪಿಲ್ಲ ಅನ್ನಾಕ ಇನ್ನೊಬ್ಬ ಅತ್ತಿ ಎಲ್ಲಿ ಸಿಗಬೇಕು?”

ರುಕುಮವ್ವ ಸೊಸೆಯ ಮುಖವನ್ನು ದಿಟ್ಟಿಸಿದಳು. ಮೂವತ್ತು ವರ್ಷದಲ್ಲಿ ಆ ಕಣ್ಣಲ್ಲಿ ನೀರು ಕಂಡದ್ದು ಇದೇ ಮೊದಲು. ಕತ್ತನ್ನು ಯಂತ್ರದ ಮೈಕಿನತ್ತ ತಿರುಗಿಸಿ ಹೇಳಿದಳು: “ಬ್ಯಾಡ. ನನ್ನ ತೂತು ನನಗಿರ್ಲಿ. ತಗೀರಿ ನಿಮ್ಮ ಕೊಡಿ.”

ಸಭಾಂಗಣದ ಧ್ವನಿವರ್ಧಕಗಳಲ್ಲಿ ಅದು ಮಂತ್ರಿಯ ಭಾಷಣಕ್ಕಿಂತ ಸ್ಪಷ್ಟವಾಗಿ ಕೇಳಿಸಿತು. ಯಂತ್ರ ‘ನಿರಾಕರಣೆ’ ಎಂದು ದಾಖಲಿಸಿ, ತಿರುಪನ್ನು ಬಿಗಿ ಹಿಡಿದು, ಎರಡೂ ಕೊಡೆಗಳನ್ನು ಮಡಚಿ ಕೊಳವೆಯೊಳಗೆ ಎಳೆದುಕೊಂಡಿತು. ಗೆರೆ ಇಳಿಯಿತು. ಇಪ್ಪತ್ತು, ಹದಿನೇಳು. ಕೆಮ್ಮು ನಿಂತಿತು.

ಮಂತ್ರಿಯನ್ನು ಬರಿಗೈಲಿ ಕಳಿಸಲಾಗುತ್ತದೆಯೇ? ಅರ್ಧ ಗಂಟೆಯಲ್ಲಿ ಪಕ್ಕದ ಕೋಣೆಯಿಂದ ಸಾಸಿವೆಯಷ್ಟು ಸೀಳಿದ್ದ ಒಬ್ಬ ಬ್ಯಾಂಕ್ ಗುಮಾಸ್ತನನ್ನು ತಂದು ಒಂದು ಲಕ್ಷನೆಯ ಹೃದಯ ಮಾಡಿದರು. ಶಾಲು ಅವನ ಪಾಲಾಯಿತು. ಗದಗಿನ ಬೀಗರು ಚಹಾಕ್ಕೂ ನಿಲ್ಲದೆ ಹೋದರು, ಸಂಜೆಗೆ ‘ಜಾತಕ ಕೂಡಲಿಲ್ಲ’ ಎಂದು ಸಂದೇಶ ಬಂತು. ಪಲ್ಲವಿ ಅದನ್ನು ಓದಿ, “ಮೂರು ತಲಿ ನೋಡಿದ್ರು, ಒಂದು ತಲಿ ಒಳಗೂ ಏನಿರಲಿಲ್ಲ ಬಿಡವ್ವಾ,” ಎಂದಳು. ಬೀಳಗಿ ಇಂದುಮತಿಗೆ ನೋಟಿಸು ಕೊಟ್ಟ: ಸುಳ್ಳು ಕಾರಣ ದಾಖಲಿಸಿದ್ದಕ್ಕೆ ವಿವರಣೆ ಬರೆಯಬೇಕು. ಮನೆಯಲ್ಲಿ ರುಕುಮವ್ವ ತುಳಸಿ ಎಲೆ ಬಾಯಿಗಿಟ್ಟು ಪಾರಣೆ ಮಾಡಿದಳು. ಸಾರು ಉಂಡು, ಉಪ್ಪು ಕಡಿಮೆ ಎಂದಳು.

ವಿವರಣೆ ಬರೆಯಲು ಕೂತ ಇಂದುಮತಿಗೆ ಮೊದಲ ಸಾಲು ಹೊಳೆಯಲಿಲ್ಲ. ಬೀಳಗಿಯನ್ನೂ ಮಂತ್ರಿಯನ್ನೂ ಬೀಗರನ್ನೂ ಹೀಗಳೆದು ಬರೆಯಲು ಮಾತಿಗೇನೂ ಬರವಿರಲಿಲ್ಲ. ಆದರೆ ಆ ಬತ್ತಿದ ಹಳ್ಳದಂಥ ಗೆರೆ ಕಣ್ಣಿಂದ ಹೋಗಲಿಲ್ಲ. ಹಳೆಯ ದಾಖಲೆ ತೆಗೆದು ಚನ್ನಬಸಪ್ಪ ಮಾಸ್ತರ ತಾರೀಖು ನೋಡಿದಳು. ಶ್ರಾವಣದ ಒಂದು ಮಂಗಳವಾರ. ಭಾನುವಾರ ಬೆಳಿಗ್ಗೆ ಕುಂದಗೋಳದ ಬಸ್ಸು ಹತ್ತಿದಳು.

ಮಾಸ್ತರ ಹೆಂಡತಿ ಗುರುಸಿದ್ಧವ್ವ ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದಳು. ದವಾಖಾನೆಯಿಂದ ಬಂದೆ ಎಂದಾಗ ಎದ್ದು ಚಾಪೆ ಹಾಸಿದಳು.

“ಅವ್ವಾರ, ಒಂದು ಮಾತು ಕೇಳಬೇಕಾಗಿತ್ತು. ಅವತ್ತು ಮಾಸ್ತರು ಉಪವಾಸ ಇದ್ರೇನ್ರಿ?”

“ಶ್ರಾವಣ ಸೋಮವಾರ ಇತ್ತಲ್ಲವಾ. ದಿನವಿಡೀ ಏನೂ ಮುಟ್ಟಿರಲಿಲ್ಲ. ಸಂಜೀಕ ಪೂಜಿ ಮುಗಿಸಿ ಊಟಕ್ಕ ಕುಂತಿದ್ರು. ಅಷ್ಟೊತ್ತಿಗೆ ನಿಮ್ಮ ದವಾಖಾನಿ ಫೋನ್ ಬಂತು, ಹನ್ನೆರಡರ ಮ್ಯಾಲ ಏನೂ ತಗೋಬ್ಯಾಡ್ರಿ ಅಂತ. ಎದ್ದಬಿಟ್ರು. ನೀರರ ಕುಡೀರಿ ಅಂದೆ. ಹನ್ನೆರಡಕ್ಕ ಬಿಡು ಅಂದದ್ದನ್ನ ಏಳಕ್ಕ ಬಿಟ್ರ ಇನ್ನೂ ಚಲೋ ಅಲ್ಲೇನು, ದವಾಖಾನಿಯವ್ರು ನಮ್ಮ ಒಳ್ಳೇದಕ್ಕ ಹೇಳ್ತಾರ ಅಂದ್ರು. ಮಾಸ್ತರು ನೋಡವಾ, ಹೇಳಿದ್ದಕ್ಕಿಂತ ಒಂದು ಗುಂಜಿ ಹೆಚ್ಚ ಮಾಡಾವ್ರು.” ಗುರುಸಿದ್ಧವ್ವ ತಲೆ ಎತ್ತಿ ಅವಳ ಮುಖವನ್ನು ಸರಿಯಾಗಿ ನೋಡಿದಳು. “ಫೋನಿನ್ಯಾಗ ಹೆಣ್ಮಗಳ ದನಿ ಇತ್ತು. ಭಾಳ ಸಮಾಧಾನದಾಕಿ, ಅವ್ರಿಗೆ ಧೈರ್ಯ ಹೇಳಿದ್ಲು. ನೀವ ಏನವಾ ಆಕಿ?”

ಇಂದುಮತಿ ಹೌದು ಎಂದಳು. ಫೋನಿನಲ್ಲಿ ನೀರು ಕುಡಿದಿದ್ದೀರಾ ಎಂದು ಒಂದೇ ಒಂದು ಮಾತು ಕೇಳಿರಲಿಲ್ಲ. ಪರದೆಯ ಮೇಲೆ ಕಂಡದ್ದನ್ನೂ ಹೇಳಿರಲಿಲ್ಲ. ಇಷ್ಟು ದಿನ ಊರಿನವರಿಗೆಲ್ಲ ಹಂಚಿದ ತಿರಸ್ಕಾರದಲ್ಲಿ ತನ್ನ ಪಾಲನ್ನು ಅವಳು ಎತ್ತಿಟ್ಟುಕೊಂಡಿರಲಿಲ್ಲ. ಈಗ ಅದಷ್ಟೂ ಒಮ್ಮೆಗೇ ಬಂದು ಎದೆಯ ಮೇಲೆ ಕೂತಿತು. ಮಾಸ್ತರಿಗೆ ನ್ಯುಮೋನಿಯಾ ಆಗಿರಲಿಲ್ಲ ಎಂದು ಅವಳು ಹೇಳಿದಳು. ಆದದ್ದನ್ನೆಲ್ಲ ಹೇಳಿದಳು, ತಾನು ಗೆರೆ ನೋಡಿ ಸುಮ್ಮನಿದ್ದದ್ದನ್ನೂ ಸೇರಿಸಿ. ನಾಳೆ ಇದನ್ನೇ ಬರೆದು ಸಹಿ ಹಾಕಿ ಕೊಡುತ್ತೇನೆ ಎಂದಳು.

ಗುರುಸಿದ್ಧವ್ವ ಶೇಂಗಾ ಸಿಪ್ಪೆಗಳನ್ನು ಒಂದೆಡೆ ಗುಡ್ಡೆ ಹಾಕಿದಳು. ಬೈಯಲಿಲ್ಲ, ಅಳಲಿಲ್ಲ. ಆಮೇಲೆ ಮೊಣಕಾಲ ಮೇಲೆ ಕೈಯೂರಿ ಎದ್ದು ಒಳಗೆ ಹೋಗಿ, ಒಂದು ತಟ್ಟೆಯಲ್ಲಿ ಬೆಲ್ಲದ ಚೂರನ್ನೂ ಹಿತ್ತಾಳೆ ತಂಬಿಗೆಯ ತುಂಬ ನೀರನ್ನೂ ತಂದು ಅವಳ ಮುಂದೆ ಇಟ್ಟಳು.

“ಬಿಸಲಾಗ ಬಂದೀಯವಾ,” ಎಂದಳು. “ಮೊದಲ ನೀರು ಕುಡಿ.”